ನಂಬಿಕೆಯೂ ಒಂದು ಮದ್ದು

ಅರುವತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ ಅವರ ತೋಳನ್ನೊಮ್ಮೆ ಗಮನಿಸಬೇಕು. ನಾಲ್ಕಾಣೆಯಷ್ಟು ಅಗಲದ, ಅಂಚು ಸುಕ್ಕಿದ ಒಂದೆರಡು ಕಲೆಗಳು ಅಲ್ಲಿ ಕಾಣುತ್ತವೆ. ಅದು ಸುಟ್ಟ ಗಾಯವೂ ಅಲ್ಲ, ಬಿದ್ದ ಪೆಟ್ಟೂ ಅಲ್ಲ. ದಾಕು ಹಾಕಿದ ಗುರುತು. ಕೆಲವು ಕಡೆ ಅದನ್ನು ‘ದೇವಿ ಹಾಕಿಸುವುದು’ ಎಂದೂ ಕರೆಯುತ್ತಿದ್ದರು. ರೋಗಕ್ಕೆ ಯಾವ ಹೆಸರೋ ಅದನ್ನು ತಡೆಯುವ ಮದ್ದಿಗೂ ಅದೇ ಹೆಸರು. ಮೊಮ್ಮಕ್ಕಳ ತೋಳಿನಲ್ಲಿ ಆ ಕಲೆ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಸಿಡುಬು ಎಂಬ ರೋಗವೇ ಭೂಮಿಯ ಮೇಲಿಂದ ಮಾಯವಾಗಿದೆ. ಭಾರತದಲ್ಲಿ ಅದರ ಕೊನೆಯ ರೋಗಿ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಈ ಜಯವನ್ನು ಸಾಮಾನ್ಯವಾಗಿ ವಿಜ್ಞಾನದ ಜಯವೆನ್ನುತ್ತಾರೆ. ಅದು ನಿಜ. ಆದರೆ ಅರ್ಧ ನಿಜ. ಸೂಜಿಯನ್ನು ವಿಜ್ಞಾನಿ ಸಿದ್ಧಪಡಿಸಬಲ್ಲ. ಆ ಸೂಜಿಯ ಮುಂದೆ ತಾಯಿಯೊಬ್ಬಳು ತನ್ನ ಕೂಸಿನ ಕೈ ಚಾಚಬೇಕಾದರೆ ಬೇರೊಂದು ಮದ್ದು ಬೇಕು. ಅದು ನಂಬಿಕೆ. ಅದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ, ಸರ್ಕಾರದ ಅಪ್ಪಣೆಯಿಂದಲೂ ಹುಟ್ಟುವುದಿಲ್ಲ. ಅದು ಹೇಗೆ ಹುಟ್ಟುತ್ತದೆ, ಹೇಗೆ ಕೆಡುತ್ತದೆ, ಕೆಟ್ಟದ್ದು ಮತ್ತೆ ಹೇಗೆ ಕೂಡಿಬರುತ್ತದೆ ಎಂಬ ಕಥೆಯ ಹಲವು ಅಧ್ಯಾಯಗಳು ನಡೆದಿರುವುದು ನಮ್ಮ ದೇಶದಲ್ಲಿಯೇ. ಅದರ ಮೊದಲ ಅಧ್ಯಾಯಗಳಲ್ಲೊಂದು ಮೈಸೂರಿನ ಅರಮನೆಯಲ್ಲಿ ತೆರೆಯುತ್ತದೆ.

ಚಿತ್ರಪಟದ ರಾಣಿ

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದು 1796ರಲ್ಲಿ. ಆರೇ ವರ್ಷಗಳಲ್ಲಿ, ಎಂದರೆ 1802ರ ಜೂನಿನಲ್ಲಿ, ಆ ಮದ್ದು ಮುಂಬಯಿಗೆ ಬಂದು ಮೂರು ವರ್ಷದ ಹೆಣ್ಣುಮಗುವೊಂದರ ತೋಳನ್ನು ಸೇರಿತು. ಅದು ಬಂದ ಬಗೆಯೇ ಸೋಜಿಗದ್ದು. ಮಂಜುಗಡ್ಡೆಯ ಪೆಟ್ಟಿಗೆಗಳಿಲ್ಲದ ಕಾಲವದು. ಒಂದು ಮಗುವಿಗೆ ದಾಕು ಹಾಕಿ, ಸುಮಾರು ಎಂಟು ದಿನಗಳ ತರುವಾಯ ಆ ಬೊಕ್ಕೆಯಿಂದ ರಸ ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಚ್ಚಬೇಕು, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ತೋಳಿನಿಂದ ತೋಳಿಗೆ ಸಾಗಿ ಮದ್ದು ಊರೂರು ದಾಟುತ್ತಿತ್ತು.

ಜನರಿಗೆ ಭಯವಾದದ್ದರಲ್ಲಿ ಆಶ್ಚರ್ಯವೇನಿದೆ? ಯಾರ ಮಗುವಿನ ಮೈರಸವೋ ಏನೋ! ಯಾವ ಜಾತಿ, ಯಾವ ಮನೆ, ಆ ಮಗುವಿಗೆ ಬೇರಾವ ರೋಗವಿತ್ತೋ! ಅದೂ ಅಲ್ಲದೆ ಸಿಡುಬೆಂದರೆ ಬರಿಯ ರೋಗವಲ್ಲ. ಅಮ್ಮ ಮನೆಗೆ ಬಂದಂತೆ. ಬೇವಿನ ಸೊಪ್ಪು ಕಟ್ಟಿ, ತಂಪು ನೈವೇದ್ಯ ಮಾಡಿ, ಅವಳು ಶಾಂತಳಾಗಿ ಹೋಗುವವರೆಗೆ ಕಾಯಬೇಕೇ ಹೊರತು ತಡೆಯಲು ನಾವು ಯಾರು? ಇದು ಅಂದಿನ ಮನೋಭಾವ. ಇದರ ಮೇಲೆ, ಮದ್ದು ತಂದವರು ಟಿಪ್ಪುಸುಲ್ತಾನನನ್ನು ಸೋಲಿಸಿ ಇನ್ನೂ ಕೆಲವೇ ವರ್ಷಗಳಾಗಿದ್ದ ಕಂಪನಿಯವರು.

ಆ ಸಮಯದಲ್ಲಿ, 1805ರ ಸುಮಾರಿಗೆ, ಐರ್ಲೆಂಡಿನ ಕಲಾವಿದ ಥಾಮಸ್ ಹಿಕ್ಕಿ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದನ್ನು ಬರೆದನು. ಬಹುಕಾಲ ಅವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ ಬೇರೆ. ಇವರು ಮೈಸೂರಿನ ಅರಮನೆಯವರು. ಬಲಗಡೆಯವಳು ಬಾಲಕ ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿ ಎಂದು ಅವರು ವಾದಿಸುತ್ತಾರೆ. ಬಲಗಡೆಯ ಎಳೆಯ ರಾಣಿ ಸೆರಗನ್ನು ಸರಿಸಿ ತೋಳಿನ ಒಂದೆಡೆಗೆ ಬೆರಳು ತೋರುತ್ತಾಳೆ. ದಾಕು ಹಾಕಿಸಿಕೊಂಡ ಸ್ಥಳವದು. ಎಡಗಡೆಯವಳ ಮೂಗುಬಾಯಿಗಳ ಸುತ್ತಲಿನ ಬಿಳಿಚಿದ ಬಣ್ಣ, ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಏರಿಸುವ ಹಳೆಯ, ಅಪಾಯದ ಪದ್ಧತಿಯ ಗುರುತು. ಚಿತ್ರದ ಸ್ತ್ರೀಯರು ಯಾರೆಂಬ ವಿಷಯದಲ್ಲಿ ವಿದ್ವಾಂಸರೆಲ್ಲರೂ ಒಮ್ಮತಕ್ಕೆ ಬಂದಿಲ್ಲ. ಆದರೆ ರಾಣಿಯೊಬ್ಬಳು ದಾಕು ಹಾಕಿಸಿಕೊಂಡ ಸುದ್ದಿಯಿಂದ ಜನ ಧೈರ್ಯ ತಂದುಕೊಂಡು ಮುಂದೆ ಬಂದರೆಂದು 1806ರ ದಾಖಲೆಯುಂಟು.

ಇದರಲ್ಲಿ ಕಂಪನಿಗೆ ತನ್ನದೇ ಆದ ಸ್ವಾರ್ಥವಿತ್ತು. ಮದ್ದಿನೊಡನೆ ತನ್ನ ಹಿರಿಮೆಯನ್ನೂ ಪ್ರಚಾರಮಾಡುವ ಆಸೆಯಿತ್ತು. ಇದ್ದರೂ ಆ ಚಿತ್ರ ಒಂದು ಸತ್ಯವನ್ನು ಹೇಳುತ್ತದೆ. ‘ನೀನು ಹಾಕಿಸಿಕೋ’ ಎಂಬ ಮಾತಿಗಿಂತ ‘ನಾನು ಹಾಕಿಸಿಕೊಂಡಿದ್ದೇನೆ, ನೋಡು’ ಎಂಬ ಮಾತಿಗೆ ಬಲ ಹೆಚ್ಚು.

ಒಂದೇ ಊರು, ಎರಡು ದಾರಿ

ತೊಂಬತ್ತು ವರ್ಷಗಳ ನಂತರ ಈ ಸತ್ಯವನ್ನು ಆಳುವವರು ಮರೆತರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮೊದಲು ಗುರುತಿಸಿದವರು ಡಾಕ್ಟರ್ ಅಕೇಶಿಯೊ ವಿಯೇಗಸ್. ಮುಂದಿನ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿ ಅಧಿಕಾರಿಗಳ ಕೈಗೆ ಮಿತಿಯಿಲ್ಲದ ಅಧಿಕಾರವನ್ನು ಕೊಟ್ಟಿತು. ಯಾವ ಮನೆಯನ್ನಾದರೂ ಹೊಕ್ಕು ಶೋಧಿಸಬಹುದು, ಜ್ವರವಿದ್ದವರನ್ನು ಎಳೆದೊಯ್ಯಬಹುದು, ಹಾಸಿಗೆ ಬಟ್ಟೆಗಳನ್ನು ಸುಡಬಹುದು, ರೈಲು ಪ್ರಯಾಣಿಕರ ಕಂಕುಳು ತೊಡೆಸಂದುಗಳನ್ನು ಗಡ್ಡೆಗಾಗಿ ಮುಟ್ಟಿನೋಡಬಹುದು. ಹೆಂಗಸರಿಗೂ ಇದರಿಂದ ಬಿಡುಗಡೆಯಿರಲಿಲ್ಲ.

ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಈ ಕೆಲಸಕ್ಕೆ ಗೋರಾ ಸೈನಿಕರನ್ನೇ ಬಳಸಿದನು. ಬೂಟುಗಾಲಿನವರು ಅಡಿಗೆಮನೆ, ದೇವರಮನೆಗಳನ್ನು ಹೊಕ್ಕರು. ಪ್ಲೇಗಿಗಿಂತ ಪ್ಲೇಗಿನ ಸಿಪಾಯಿಗಳಿಗೆ ಜನ ಹೆಚ್ಚು ಹೆದರಿದರು. ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಸತ್ತವರನ್ನು ರಾತ್ರಿಯ ಹೊತ್ತು ಗುಟ್ಟಾಗಿ ಸಾಗಿಸಿದರು. ಆಸ್ಪತ್ರೆಗೆ ಹೋದವರ ಮೈಯಿಂದ ಎಣ್ಣೆ ತೆಗೆಯುತ್ತಾರೆಂಬ ವದಂತಿ ಊರೂರು ಹಬ್ಬಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ರ್‍ಯಾಂಡ್ ಗುರಿಯಾದದ್ದು ಇತಿಹಾಸಪ್ರಸಿದ್ಧ ಸಂಗತಿ.

ಅದೇ ಪುಣೆ, ಅದೇ ವರ್ಷ, ಅದೇ ಪ್ಲೇಗು. ಊರ ಹೊರಗೆ ಬಯಲಿನಲ್ಲಿ ಅರುವತ್ತಾರು ವರ್ಷದ ಹೆಂಗಸೊಬ್ಬರು, ವೈದ್ಯನಾಗಿದ್ದ ತಮ್ಮ ದತ್ತುಪುತ್ರ ಯಶವಂತನೊಡನೆ ಒಂದು ಚಿಕಿತ್ಸಾಲಯವನ್ನು ತೆರೆದಿದ್ದರು. ಅವರು ಸಾವಿತ್ರಿಬಾಯಿ ಫುಲೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟು ಸಗಣಿಯ ಏಟು ತಿಂದಿದ್ದವರು. ಪ್ಲೇಗು ತಗುಲಿದ ದಲಿತ ಬಾಲಕನೊಬ್ಬನನ್ನು ಅವರು ತಾವೇ ಬೆನ್ನಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಆ ರೋಗ ಅವರಿಗೂ ಅಂಟಿ, 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ಇಬ್ಬರದೂ ರೋಗಿಯನ್ನು ಮನೆಯಿಂದ ಚಿಕಿತ್ಸೆಯ ಸ್ಥಳಕ್ಕೆ ಸಾಗಿಸುವ ಕೆಲಸವೇ. ಒಬ್ಬನು ಸೈನಿಕರಿಂದ ಎಳೆಸಿದನು. ಒಬ್ಬರು ತಮ್ಮ ಬೆನ್ನು ಕೊಟ್ಟರು.

1898ರ ಆಗಸ್ಟಿನಲ್ಲಿ ಪ್ಲೇಗು ರೈಲುಹಾದಿ ಹಿಡಿದು ಬೆಂಗಳೂರಿಗೂ ಬಂದಿತು. ಸಾವಿರಾರು ಜನ ಸತ್ತರು. ಪೇಟೆಯ ಬೀದಿಗಳು ಬರಿದಾದವು. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳಿಗೂ, 1900ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಗೂ ಆ ದಿನಗಳ ನೆನಪು ಅಂಟಿಕೊಂಡಿದೆ. ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆಗಿನ ಪ್ಲೇಗ್ ಶಿಬಿರಗಳಲ್ಲಿ ಜೀವದ ಹಂಗುದೊರೆದು ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಜಾತಿಯ ಕಾರಣದಿಂದ ತಮ್ಮ ತಿರುವಾಂಕೂರಿನಲ್ಲಿ ಸರ್ಕಾರಿ ವೈದ್ಯರ ಹುದ್ದೆ ದೊರೆಯದೆ ಮೈಸೂರಿಗೆ ಬಂದು ಸೇವೆಗೆ ಸೇರಿದ್ದವರು ಅವರು. ಯಾವ ನಾಡು ಮುಟ್ಟಬಾರದೆಂದಿತ್ತೋ ಆ ಕೈ, ಬೇರೆಯವರು ಮುಟ್ಟಲು ಹೆದರುತ್ತಿದ್ದ ರೋಗಿಗಳ ನಾಡಿ ಹಿಡಿಯಿತು.

ಹಳ್ಳಿಗಳ ಅನುಭವದಲ್ಲಿ ಇನ್ನೊಂದು ಪಾಠವುಂಟು. ‘ಇಲಿ ಬಿತ್ತು’ ಎಂದೊಡನೆ ಇಡೀ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದುದನ್ನು ಹಳೆಯ ತಲೆಮಾರಿನವರು ಕಥೆಯಾಗಿ ಹೇಳುತ್ತಿದ್ದರು. ಸರ್ಕಾರದ ಶಿಬಿರಕ್ಕೆ ಹೋಗಲು ಕಾದಾಡಿದ ಜನರೇ ಸ್ವಂತ ಗುಡಿಸಲಿಗೆ ತಾವಾಗಿ ಹೋದರು. ಊರು ಬಿಡುವುದು ಎರಡರಲ್ಲಿಯೂ ಒಂದೇ. ಒಂದು ಅಪ್ಪಣೆ, ಒಂದು ತಮ್ಮದೇ ತೀರ್ಮಾನ.

ಹಾಫ್‌ಕಿನ್ ಮತ್ತು ಒಂದು ಸೀಸೆ

ಇದೇ ಪ್ಲೇಗಿನ ಕಾಲದಲ್ಲಿ ವೈದ್ಯಶಾಸ್ತ್ರ ನಂಬಿಕೆಯನ್ನು ಗಳಿಸಿದ, ಒಂದೇ ದಿನದಲ್ಲಿ ಕಳೆದುಕೊಂಡ ಕಥೆಯೊಂದು ನಡೆಯಿತು. ಅದರ ನಾಯಕ ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಒಡೆಸ್ಸಾ ಪಟ್ಟಣದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು, ಕಾಲರಾಕ್ಕೆ ಲಸಿಕೆ ಕಂಡುಹಿಡಿದು 1893ರಲ್ಲಿ ಭಾರತಕ್ಕೆ ಬಂದವನು. ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ ಸರ್ಕಾರ ಅವನನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ, ಹಗಲಿರುಳೆನ್ನದೆ ದುಡಿದು ಮೂರೇ ತಿಂಗಳಲ್ಲಿ ಅವನು ಪ್ಲೇಗಿನ ಲಸಿಕೆಯೊಂದನ್ನು ಸಿದ್ಧಪಡಿಸಿದನು.

ಅದನ್ನು ಯಾರ ಮೇಲೆ ಮೊದಲು ಪ್ರಯೋಗಿಸಬೇಕು? 1897ರ ಜನವರಿ 10ರಂದು ಹಾಫ್‌ಕಿನ್ ಅದನ್ನು ತನ್ನ ಮೈಗೇ ಚುಚ್ಚಿಸಿಕೊಂಡನು. ಸಾಮಾನ್ಯರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣ. ಜ್ವರ ಬಂದಿತು, ನೋವು ಬಂದಿತು, ಇಳಿಯಿತು. ಆನಂತರ ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಖೈದಿಗಳಿಗೆ ಹಾಕಿ ನೋಡಲಾಯಿತು. ಸೆರೆಯಲ್ಲಿರುವವನ ಒಪ್ಪಿಗೆ ನಿಜವಾದ ಒಪ್ಪಿಗೆಯೆ ಎಂದು ಇಂದಿನ ವೈದ್ಯನೀತಿ ಕೇಳುತ್ತದೆ. ಅಂದು ಯಾರೂ ಕೇಳಲಿಲ್ಲ. ಲಸಿಕೆ ಪೂರ್ಣ ರಕ್ಷೆ ಕೊಡದಿದ್ದರೂ ಸಾವನ್ನು ಬಹಳಮಟ್ಟಿಗೆ ತಗ್ಗಿಸುತ್ತದೆಂದು ಕಂಡುಬಂದಿತು. ಖೋಜಾ ಪಂಗಡದ ಗುರು, ಆಗಿನ್ನೂ ಇಪ್ಪತ್ತರ ಹರೆಯದ ಆಗಾಖಾನರು ಎಲ್ಲರೆದುರಿಗೆ ತಾವೇ ಲಸಿಕೆ ಹಾಕಿಸಿಕೊಂಡರು; ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಕೊಟ್ಟರು. ಸಾವಿರಾರು ಖೋಜಾಗಳು ಹಿಂಬಾಲಿಸಿದರು. ಮೈಸೂರಿನ ರಾಣಿಯ ಕಥೆ ಮುಂಬಯಿಯಲ್ಲಿ ಮರುಕಳಿಸಿತು.

ಬಳಿಕ ಬಂದಿತು 1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಅಂದು ಅಲ್ಲಿ 107 ಮಂದಿ ಲಸಿಕೆ ಹಾಕಿಸಿಕೊಂಡರು. ಬಳಸಿದ್ದು ಐದು ಸೀಸೆಗಳು. ವಾರ ಕಳೆಯುವಷ್ಟರಲ್ಲಿ ಕೆಲವರ ದವಡೆ ಬಿಗಿಯಿತು, ಬೆನ್ನು ಬಿಲ್ಲಿನಂತೆ ಸೆಟೆಯಿತು. ಧನುರ್ವಾಯು! ಒಂದೇ ಸೀಸೆಯಿಂದ ಲಸಿಕೆ ಪಡೆದ ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ ನಾಲ್ಕು ಸೀಸೆಗಳ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ.

ವಿಷಬೀಜ ಆ ಸೀಸೆಗೆ ಸೇರಿದ್ದು ಎಲ್ಲಿ? ಮುಂಬಯಿಯ ಪ್ರಯೋಗಶಾಲೆಯಲ್ಲೋ, ಹಳ್ಳಿಯಲ್ಲಿ ಮುಚ್ಚಳ ತೆಗೆಯುವಾಗಲೋ? ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಮುಂಬಯಿಯತ್ತ ಬೆರಳು ತೋರಿತು. ಹಾಫ್‌ಕಿನ್ ಹುದ್ದೆಯಿಂದ ದೂರವಾದನು. ಆದರೆ ಸೀಸೆ ತೆರೆದ ದಿನ ಸಹಾಯಕನೊಬ್ಬನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತ್ತೆಂದೂ, ಅದನ್ನು ಸರಿಯಾಗಿ ಕುದಿಸಿ ಶುದ್ಧಿಮಾಡದೆ ಅದರಿಂದಲೇ ಬಿರಡೆಯನ್ನು ಕಿತ್ತನೆಂದೂ ಸಾಕ್ಷ್ಯದಲ್ಲಿಯೇ ಇತ್ತು. ಧನುರ್ವಾಯುವಿನ ಬೀಜಗಳು ಮಣ್ಣಿನಲ್ಲಿಯೇ ಇರುವಂಥವು. ಮುಂಬಯಿಯಲ್ಲಿ ಸೀಸೆ ತುಂಬಿಸಿ ಆಗಲೇ ನಲವತ್ತು ದಿನ ಕಳೆದಿದ್ದವು. ಅಲ್ಲಿಯೇ ಕೆಟ್ಟಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು. ಬಂದಿರಲಿಲ್ಲ. ಮಲೇರಿಯಾ ಸಂಶೋಧನೆಯಿಂದ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ಹಾಫ್‌ಕಿನ್ನನ ಪರವಾಗಿ ನಿಂತರು. ಕೊನೆಗೆ ಅವನು ದೋಷಮುಕ್ತನಾದನು.

ಆದರೆ ಆ ಐದು ವರ್ಷಗಳನ್ನು ಮರಳಿ ಕೊಡುವವರಾರು? ಪಂಜಾಬಿನಲ್ಲಿ ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕುವ ಯೋಜನೆ ಆ ಒಂದು ಸೀಸೆಯಲ್ಲಿ ಮುಳುಗಿಹೋಯಿತು. ಪ್ಲೇಗು ಮಾತ್ರ ಮುಳುಗಲಿಲ್ಲ. ಆ ಪ್ರಾಂತದಲ್ಲಿ ಮುಂದಿನ ವರ್ಷಗಳಲ್ಲಿ ಅದು ಭೀಕರವಾಗಿ ಹಬ್ಬಿತು. ಸೂಜಿಯಿಂದ ಸತ್ತವರು ಹತ್ತೊಂಬತ್ತು. ಸೂಜಿಯ ಭಯದಿಂದ ಸತ್ತವರನ್ನು ಎಣಿಸಿದವರಿಲ್ಲ.

ಹಳ್ಳಿಯವರನ್ನು ದೂರುವುದು ಸುಲಭ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆಂಬ ಗಾದೆಯಲ್ಲಿ ಮೂರ್ಖತನವಿಲ್ಲ, ಅನುಭವವಿದೆ. ತಪ್ಪು ನಡೆದೊಡನೆ ನಡೆದುದನ್ನು ನಡೆದಂತೆ ಹೇಳಿದ್ದರೆ, ‘ಇಕ್ಕುಳ ಬಿದ್ದಿತ್ತು, ಇನ್ನು ಮುಂದೆ ಹೀಗಾಗದಂತೆ ಇಂಥ ವ್ಯವಸ್ಥೆ ಮಾಡಿದ್ದೇವೆ’ ಎಂದು ಸಾರಿದ್ದರೆ, ಜನ ಮತ್ತೆ ಬರುತ್ತಿದ್ದರೋ ಏನೋ. ನಡೆದದ್ದು ದೊಡ್ಡವರ ನಡುವೆ ದೋಷ ದಾಟಿಸುವ ಆಟ. ಆದರೂ ಮದ್ದು ಮದ್ದಾಗಿಯೇ ಉಳಿಯಿತು. 1897ರಿಂದ 1925ರವರೆಗೆ ಮುಂಬಯಿಯಿಂದ ಹೊರಟ ಪ್ಲೇಗ್ ಲಸಿಕೆ 2 ಕೋಟಿ 60 ಲಕ್ಷ ಪ್ರಮಾಣಗಳಷ್ಟು. 1925ರಲ್ಲಿ ಆ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆಯೆಂದೇ ಹೆಸರಾಯಿತು.

ಎರಡು ಹನಿಗಳಿಗಾಗಿ

ಕಳೆದುಹೋದ ನಂಬಿಕೆಯನ್ನು ಮತ್ತೆ ಪಡೆಯಲಾಗದೆ? ಆಗುತ್ತದೆಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಪೋಲಿಯೊ.

2002ರಲ್ಲಿ ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೊ ತಗುಲಿತು. ಬಹುಪಾಲು ಮಕ್ಕಳು ಉತ್ತರ ಪ್ರದೇಶದವರು. ಅಲ್ಲಿನ ಅನೇಕ ಮೊಹಲ್ಲಾಗಳಲ್ಲಿ ಹನಿಮದ್ದಿನವರು ಬಂದರೆಂದರೆ ಬಾಗಿಲು ಮುಚ್ಚುತ್ತಿದ್ದವು. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದೆಂಬ ವದಂತಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ಕಂಡಿದ್ದ ಸೀಮೆ ಅದು. ವದಂತಿಗೆ ಬೇರು ದೊರೆತದ್ದು ಆ ಮಣ್ಣಿನಲ್ಲಿ. ಇನ್ನೊಂದು ಪ್ರಶ್ನೆಯೂ ಇತ್ತು, ಬಡ ತಾಯಂದಿರ ಪ್ರಶ್ನೆ. ಮಗುವಿಗೆ ಭೇದಿಯಾದಾಗ, ಜ್ವರ ಬಂದಾಗ ಯಾರೂ ಬಾರದ ಸರ್ಕಾರ, ಎಂದೂ ಕಾಣದ ಈ ಒಂದು ರೋಗಕ್ಕೆ ಮಾತ್ರ ಮತ್ತೆ ಮತ್ತೆ ಬಾಗಿಲು ತಟ್ಟುವುದೇಕೆ? ಅದಕ್ಕೆ ಸರಿಯಾದ ಉತ್ತರವಿರಲಿಲ್ಲ.

ಪೊಲೀಸರನ್ನು ಕರೆತರುವುದರಿಂದ ಇದು ಬಗೆಹರಿಯಲಿಲ್ಲ. ಅದೇ ಬೀದಿಯ ಹೆಂಗಸರನ್ನು ಕಾರ್ಯಕರ್ತೆಯರನ್ನಾಗಿ ತೆಗೆದುಕೊಂಡರು. ಇಮಾಮರು, ಮದ್ರಸಾಗಳ ಗುರುಗಳು, ಅಲೀಘರ್ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳ ವಿದ್ವಾಂಸರು ಜೊತೆಗೂಡಿದರು. ಮಸೀದಿಗಳಿಂದ ಪ್ರಕಟಣೆಗಳಾದವು. ಹನಿಯ ಜೊತೆಗೆ ಕೈತೊಳೆಯುವ ಸಾಬೂನು, ಭೇದಿಗೆ ಉಪ್ಪುಸಕ್ಕರೆಯ ಪೊಟ್ಟಣ, ಇತರ ಲಸಿಕೆಗಳ ಮಾತು ಬಂದವು. ಕೇಳಿದ ಪ್ರಶ್ನೆಗೆ ಉತ್ತರ ದೊರೆಯತೊಡಗಿದಂತೆ ಬಾಗಿಲುಗಳು ತೆರೆದವು. 2009ರಲ್ಲಿ 741 ಇದ್ದ ಸಂಖ್ಯೆ 2010ರಲ್ಲಿ 42ಕ್ಕೆ ಇಳಿಯಿತು. 2011ರಲ್ಲಿ ಒಂದು. ಆ ವರ್ಷದ ಜನವರಿ 13ರಂದು ಹೌರಾ ಜಿಲ್ಲೆಯಲ್ಲಿ ರೋಗಕ್ಕೆ ತುತ್ತಾದ ಮಗುವೇ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂದಿತು.

ಮಲೆನಾಡಿನ ಪಾಠ

ನಂಬಿಕೆ ಗಳಿಸುವುದೊಂದೇ ಸಾಲದು, ಆ ನಂಬಿಕೆಗೆ ಮದ್ದು ಅರ್ಹವಾಗಿರಬೇಕು ಎಂಬುದನ್ನು ಕಲಿಸುವುದು ನಮ್ಮ ಮಲೆನಾಡು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಹೋಗಿಬಂದ ಜನ ವಿಚಿತ್ರ ಜ್ವರದಿಂದ ಮಲಗಿದರು. ಉಣ್ಣೆಗಳ ಕಡಿತದಿಂದ ಹರಡುವ ಆ ‘ಮಂಗನ ಕಾಯಿಲೆ’ಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿತು.

1990ರಿಂದ ಅದಕ್ಕೆ ಲಸಿಕೆ ಹಾಕಲಾಗುತ್ತಿತ್ತು. ಸೂಜಿ ನೋವಿನದು, ಒಂದು ಸಲ ಸಾಲದು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡವರಲ್ಲಿಯೂ ರೋಗ ಬರುತ್ತಿತ್ತು. ಜನ ಹಿಂಜರಿದರೆ ಅದನ್ನು ಅಜ್ಞಾನವೆಂದು ಕರೆದವರುಂಟು. ಆದರೆ ಲಸಿಕೆಯ ಗುಣ ಕುಗ್ಗಿದೆಯೆಂದು ಪರೀಕ್ಷೆಗಳಲ್ಲಿಯೇ ಕಂಡುಬಂದಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಸ್ಫೋಟಿಸಿ ಜೀವಗಳು ಹೋದವು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಬೇಕಾಯಿತು. ಹೊಸ ಲಸಿಕೆಗಾಗಿ ಸಂಶೋಧನೆ ಪ್ರಾರಂಭವಾಯಿತು. ‘ಇದು ನಾಟುತ್ತಿಲ್ಲ’ ಎಂದು ಅಡಿಕೆತೋಟದ ಕೂಲಿಯವಳು ಹೇಳಿದ್ದರೆ ಅದು ಮೂಢನಂಬಿಕೆಯಲ್ಲ, ವರದಿ. ಅದನ್ನು ಕೇಳುವ ಕಿವಿ ಇರಬೇಕಿತ್ತು. ಮುಂದೊಂದು ದಿನ ಹೊಸ ಲಸಿಕೆ ಆ ಹಳ್ಳಿಗಳಿಗೆ ಬಂದಾಗ, ಮೊದಲು ಹಳೆಯದರ ಲೆಕ್ಕವನ್ನು ಜನರ ಮುಂದೆ ಒಪ್ಪಿಸಿ ಅನಂತರ ಸೂಜಿ ತೆಗೆಯುವುದು ಲೇಸು.

ಕೋವಿಡ್ ಕಾಲದಲ್ಲಿ ಇದೇ ಪಾಠ ಇನ್ನೊಂದು ಬಗೆಯಲ್ಲಿ ಮರಳಿತು. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಪ್ರಾರಂಭವಾದಾಗ ಮೊದಮೊದಲು ಹಿಂಜರಿದವರಲ್ಲಿ ವೈದ್ಯರೂ ದಾದಿಯರೂ ಇದ್ದರು. ಎರಡು ಲಸಿಕೆಗಳಲ್ಲಿ ಒಂದಕ್ಕೆ, ಅಂತಿಮ ಹಂತದ ಪರೀಕ್ಷೆಯ ಫಲಿತಾಂಶ ಹೊರಬರುವ ಮೊದಲೇ ಅನುಮತಿ ದೊರೆತಿದ್ದುದು ಅವರ ಶಂಕೆಗೆ ಕಾರಣ. ಲಸಿಕೆ ಕೆಲಸ ಮಾಡುತ್ತದೆಂದು ಫಲಿತಾಂಶಗಳು ಬಳಿಕ ತೋರಿದವು. ಆದರೆ ಮೊದಲು ಬರಬೇಕಾದದ್ದು ಅನಂತರ ಬಂದಾಗ ಮದ್ದು ಒಳ್ಳೆಯದಾದರೂ ಮನಸ್ಸು ಒಪ್ಪುವುದು ತಡವಾಗುತ್ತದೆ. ಅದೇ ಏಪ್ರಿಲಿನಲ್ಲಿ ಐರೋಪ್ಯ ಔಷಧ ಸಂಸ್ಥೆ ಆಸ್ಟ್ರಾಜೆನಿಕಾ ಲಸಿಕೆಯಿಂದ ಅತಿವಿರಳವಾಗಿ ರಕ್ತ ಹೆಪ್ಪುಗಟ್ಟಬಹುದೆಂದು ಬಹಿರಂಗವಾಗಿ ಹೇಳಿತು. ಇಂಥ ಮಾತಿನಿಂದ ಜನ ಹೆದರುತ್ತಾರೆಂದು ಮುಚ್ಚಿಡುವ ಚಪಲ ಆಳುವವರಿಗೆ ಸಹಜ. ಆದರೆ ಮುಚ್ಚಿಟ್ಟದ್ದು ಮುಂದೆ ಬಯಲಾದಾಗ ಹುಟ್ಟುವ ಭಯಕ್ಕೆ ಮದ್ದಿಲ್ಲ.

ನಾಳಿನ ವೈದ್ಯ

ನಾಳಿನ ವೈದ್ಯವಿದ್ಯೆ ಹೇಗಿರಬಹುದು? ಎದೆಯ ಎಕ್ಸ್‌ರೇ ನೋಡಿ ಕ್ಷಯವನ್ನು ಗುರುತಿಸುವ ಯಂತ್ರಗಳು ಈಗಾಗಲೇ ಬಂದಿವೆ. 2019ರಲ್ಲಿ ಪ್ರಾರಂಭವಾದ ‘ಇ-ಸಂಜೀವನಿ’ಯ ಮೂಲಕ ದೂರದ ಹಳ್ಳಿಯ ರೋಗಿ ಪಟ್ಟಣದ ವೈದ್ಯನೊಡನೆ ಫೋನಿನ ತೆರೆಯ ಮೇಲೆ ಮಾತನಾಡುತ್ತಾನೆ. ರೋಗಿಯ ದಾಖಲೆಗಳನ್ನೆಲ್ಲ ಗಣಕದಲ್ಲಿ ಒಟ್ಟುಗೂಡಿಸುವ ಯೋಜನೆಯೂ ನಡೆದಿದೆ. ಇವು ವರವಾಗಬಲ್ಲವು. ನೂರು ಮೈಲಿಗೆ ಒಬ್ಬ ತಜ್ಞನೂ ಇಲ್ಲದ ಸೀಮೆಗೆ ಇವು ದೊಡ್ಡ ವರವೇ ಸರಿ.

ಆದರೆ ಯಂತ್ರಕ್ಕೆ ತೋಳಿಲ್ಲ. ‘ಮೊದಲು ನಾನು ಹಾಕಿಸಿಕೊಂಡಿದ್ದೇನೆ’ ಎಂದು ಅದು ಹೇಳಲಾರದು. ತಪ್ಪಾದರೆ ಎದುರು ನಿಂತು ಕ್ಷಮೆ ಕೇಳಲಾರದು. ಯಂತ್ರದ ಮಾತಿಗೆ ಹೊಣೆ ಯಾರು, ದಾಖಲೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ಕೊಡದೆ ಯಂತ್ರವನ್ನು ಮುಂದೆ ತಳ್ಳಿದರೆ ಇನ್ನೊಂದು ಮುಲ್ಕೋವಾಲ್ ಕಾದಿದ್ದೀತು.

ಪಟ್ಟಣದ ಮಧ್ಯಮವರ್ಗದ ಮನೆಗಳಲ್ಲಿ ಇಂದಿನ ಶಂಕೆ ಸೂಜಿಗಿಂತ ಹೆಚ್ಚಾಗಿ ಬಿಲ್ಲಿನದು. ಈ ಪರೀಕ್ಷೆ ಅಗತ್ಯವೋ, ಆಸ್ಪತ್ರೆಯ ಆದಾಯಕ್ಕೋ? ಈ ಶಸ್ತ್ರಚಿಕಿತ್ಸೆ ಈಗಲೇ ಬೇಕೆ? ಹಿಂದಿನ ಕುಟುಂಬವೈದ್ಯ ಮೂರು ತಲೆಮಾರಿನ ನಾಡಿ ಬಲ್ಲವನು. ಅವನು ‘ಏನೂ ಇಲ್ಲ, ಗಂಜಿ ಕುಡಿದು ಮಲಗು’ ಎಂದರೆ ಅರ್ಧ ಜ್ವರ ಅಲ್ಲಿಯೇ ಇಳಿಯುತ್ತಿತ್ತು. ಇಂದು ರೋಗಿ ಒಂದು ಸಂಖ್ಯೆ. ವೈದ್ಯ ಐದು ನಿಮಿಷದ ಮುಖ. ಈ ಶಂಕೆ ಕೋಪಕ್ಕೆ ತಿರುಗಿ ವೈದ್ಯರ ಮೇಲೆ ಕೈ ಮಾಡುವವರೆಗೂ ಹೋಗುತ್ತದೆ. ಕರ್ನಾಟಕದಲ್ಲಿ ವೈದ್ಯಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು 2009ರಲ್ಲಿ ಒಂದು ಕಾಯಿದೆ ಬಂದಿತು. ಖಾಸಗಿ ಆಸ್ಪತ್ರೆಗಳಿಂದ ರೋಗಿಯ ಹಕ್ಕುಗಳನ್ನು ಕಾಪಾಡಲು ಹಳೆಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂದಿತು. ಒಂದು ವೈದ್ಯನನ್ನು ರೋಗಿಯಿಂದ ಕಾಯುತ್ತದೆ, ಇನ್ನೊಂದು ರೋಗಿಯನ್ನು ಆಸ್ಪತ್ರೆಯಿಂದ. ಎರಡೂ ಬೇಕೇ ಆದವು. ಆದರೆ ಕಾಯಿದೆ ಬೇಲಿ ಕಟ್ಟಬಲ್ಲದೇ ಹೊರತು ಸೇತುವೆ ಕಟ್ಟಲಾರದು.

ಸೇತುವೆ ಕಟ್ಟುವವರು ಬೇರೆ. ಹಳ್ಳಿಗಳಲ್ಲಿ, ಕೊಳೆಗೇರಿಗಳಲ್ಲಿ ಮನೆಮನೆಗೆ ನಡೆದುಹೋಗುವ ಆಶಾ ಕಾರ್ಯಕರ್ತೆ ಅವರಲ್ಲಿ ಒಬ್ಬಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾಗಳನ್ನು ಗೌರವಿಸಿತು. ಗೌರವಧನ ಹೆಚ್ಚಿಸಿರೆಂದು ಅವರು ಬೆಂಗಳೂರಿನ ಬೀದಿಗಳಲ್ಲಿ ಬಿಸಿಲಿಗೆ ಕುಳಿತದ್ದೂ ಉಂಟು. ಆಕೆ ಅದೇ ಬೀದಿಯವಳು. ಆಕೆಯ ಮಗುವಿಗೂ ಅದೇ ಸೂಜಿ. ಸುಳ್ಳು ಹೇಳಿದರೆ ನಾಳೆ ಅದೇ ನಲ್ಲಿಯ ಮುಂದೆ ಅದೇ ಹೆಂಗಸರಿಗೆ ಮುಖ ತೋರಿಸಬೇಕಾದವಳು. ಕೋಟಿಗಟ್ಟಲೆ ರೂಪಾಯಿನ ಯಂತ್ರಕ್ಕಿಲ್ಲದ ಹೊಣೆ ಆಕೆಗಿದೆ.

ರೋಗಿಯ ಕರ್ತವ್ಯವೂ ಇಲ್ಲದಿಲ್ಲ. ಕುರುಡಾಗಿ ನಂಬುವುದು ನಂಬಿಕೆಯಲ್ಲ. ಫೋನಿನಲ್ಲಿ ಬಂದ ವದಂತಿಯನ್ನು ಹತ್ತು ಮಂದಿಗೆ ಕಳುಹಿಸಿ ವೈದ್ಯನನ್ನು ಮಾತ್ರ ಶಂಕಿಸುವುದು ಎಚ್ಚರವೂ ಅಲ್ಲ. ಕೇಳಬೇಕಾದುದನ್ನು ವೈದ್ಯನನ್ನೇ ಎದುರಿಗೆ ಕೇಳಬೇಕು. ಕೇಳಿದರೆ ಸಿಡುಕದ ವೈದ್ಯ, ಉತ್ತರ ಕೇಳಿ ಯೋಚಿಸುವ ರೋಗಿ, ತಪ್ಪಾದಾಗ ಒಪ್ಪಿಕೊಳ್ಳುವ ಸರ್ಕಾರ: ಈ ಮೂರು ಕೂಡಿದಲ್ಲಿ ಮದ್ದು ನಾಟುತ್ತದೆ.

ಹಿರಿಯರ ತೋಳಿನ ಆ ಹಳೆಯ ಕಲೆಯನ್ನು ಮೊಮ್ಮಗುವೊಂದು ಬೆರಳಿಟ್ಟು ‘ಅಜ್ಜಿ, ಇದೇನು?’ ಎಂದು ಕೇಳಿದರೆ, ಆ ಕಲೆಯ ಹಿಂದೆ ಇರುವುದನ್ನೆಲ್ಲ ಹೇಳಬಹುದು. ಯಾರೋ ಒಂದು ತಾಯಿ, ತನಗೆ ಓದಲು ಬಾರದಿದ್ದರೂ, ಹೊಸಿಲು ದಾಟಿ ಬಂದ ಅಪರಿಚಿತನ ಮುಖವನ್ನು ದಿಟ್ಟಿಸಿ ನೋಡಿ, ಅಳುವ ಮಗುವಿನ ಕೈಯನ್ನು ಮುಂದೆ ಚಾಚಿದ್ದಳು. ಆ ಒಂದು ಕ್ಷಣದ ಗುರುತು ಅದು. ಮುಂದಿನ ಯಾವ ಮದ್ದೇ ಬರಲಿ, ಅಂಥ ಒಂದು ಕ್ಷಣವನ್ನು ದಾಟಿಯೇ ಮಗುವಿನ ಮೈ ಸೇರಬೇಕು.